ಬಾಬ್ ಅಲ್ಲ, ರೊಬೆರ್ಟೊ

ತಮ್ಮಾ, ಪಿಟ್ಸ್‌ಬರ್ಗ್‌ಗೆ ಬಂದು ಎರಡು ತಿಂಗಳಾಯ್ತು ಎಂದು ಬರೆದಿದ್ದೀಯ. ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರೂ ಬೇಸ್‌ಬಾಲ್ ಮಾತಾಡುತ್ತಾರೆ, ಅದೂ ಈಗ ಆಡುವವರ ಬಗ್ಗೆ ಅಲ್ಲ, ಅವರಪ್ಪಂದಿರ ಕಾಲದಲ್ಲಿ ಆಡಿದವರ ಬಗ್ಗೆ. ನೀನು ಸುಮ್ನೆ ಡಬ್ಬಿ ನೋಡುತ್ತಾ ಕೂತಿರುತ್ತೀಯಂತೆ. ಜೊತೆಗೆ ನಿನ್ನ ಹೆಸರು ಉದ್ದ ಎಂದು ಅವರೇ ಕತ್ತರಿಸಿ ಇನ್ನೇನೋ ಕರೆಯುತ್ತಿದ್ದಾರೆ, ಒಪ್ಪಿಕೊಳ್ಳಲಾ ಬೇಡವಾ ಎಂದೂ ಕೇಳಿದ್ದೀಯ. ನಿನಗೆ ಇವು ಬೇರೆ ಬೇರೆ ಪ್ರಶ್ನೆ. ಓದಿದಾಗ ನನಗೆ ಎರಡಕ್ಕೂ ಒಬ್ಬರೇ ನೆನಪಾದರು, ಇಲ್ಲಿನ ಪೈರೇಟ್ಸ್ ಬೇಸ್‌ಬಾಲ್ ತಂಡದ ಹಳೆಯ ಆಟಗಾರ ರೊಬೆರ್ಟೊ ಕ್ಲೆಮೆಂಟೆ.

ನಾನು ಭದ್ರಾವತಿಯವನು. ಕಬ್ಬಿಣದ ಕಾರ್ಖಾನೆಯ ಸೈರನ್ ಕೇಳಿಕೊಂಡು ಬೆಳೆದವನು. ಇಲ್ಲಿಗೆ ಬಂದಿದ್ದು 1998ರಲ್ಲಿ. ಇದೂ ಉಕ್ಕಿನ ಊರು. 1980ರ ದಶಕದಲ್ಲಿ ಒಂದಾದ ಮೇಲೊಂದು ಕಾರ್ಖಾನೆ ಮುಚ್ಚಿ, ಕೆಲಸ ಹೋದವರು ಊರು ಬಿಟ್ಟು ಹೋದರು. ಉಳಿದವರು ಹಳೆಯದನ್ನೆಲ್ಲ ಬಹಳ ಜೋಪಾನ ಮಾಡಿಕೊಂಡು ಬಂದಿದ್ದಾರೆ. ನಮ್ಮೂರಲ್ಲಿ ವಿಶ್ವನಾಥ್ ಮಾತು ಬಂದರೆ ಹೇಗಿರುತ್ತದೆ ಹೇಳು? 1975ರ ಮದ್ರಾಸ್ ಟೆಸ್ಟಿನ ಆ 97 ನಾಟೌಟ್ ನೋಡದೇ ಇದ್ದವರೂ ಕಣ್ಣಾರೆ ಕಂಡ ಹಾಗೆ ಹೇಳುತ್ತಾರೆ, ಅಲ್ವಾ? ಇಲ್ಲಿ ಪೈರೇಟ್ಸ್ ತಂಡದ ಹಳಬರ ಮಾತೂ ಹಾಗೇ. ಅದಕ್ಕೇ ನಿಯಮ ಕಲಿಯುವ ಅವಸರ ಬೇಡ. ಮೊದಲು ಈ ಜನರ ಪರಿಚಯ ಮಾಡಿಕೋ.

ನಾನು ಬಂದ ವರ್ಷವೇ ಆರನೇ ಬೀದಿಯ ಹಳದಿ ಸೇತುವೆಗೆ ರೊಬೆರ್ಟೊ ಕ್ಲೆಮೆಂಟೆ ಹೆಸರಿಟ್ಟರು. ಪಂದ್ಯದ ದಿನ ಅದರ ಮೇಲೆ ಗಾಡಿ ಬಿಡುವುದಿಲ್ಲ. ಜನ ನಡೆದುಕೊಂಡೇ ನದಿ ದಾಟಿ ಪಿಎನ್‌ಸಿ ಪಾರ್ಕ್‌ಗೆ ಹೋಗುತ್ತಾರೆ. ಆ ಮೈದಾನದ ರೈಟ್ ಫೀಲ್ಡ್, ಅಂದರೆ ಬ್ಯಾಟ್ ಮಾಡುವವರ ಬಲಗಡೆಯ ದೂರದ ಭಾಗ, ಅಲ್ಲಿನ ಗೋಡೆ 21 ಅಡಿ ಎತ್ತರ. 21 ಕ್ಲೆಮೆಂಟೆ ಅವರ ಅಂಗಿಯ ನಂಬರು. 1955ರಿಂದ 1972ರವರೆಗೆ ರೈಟ್ ಫೀಲ್ಡ್ ಅವರದೇ ಜಾಗವಾಗಿತ್ತು.

ಅವರು ಪೋರ್ಟೊ ರಿಕೊದ ಕರೋಲಿನಾ ಎಂಬ ಊರಿನವರು. ಅಪ್ಪ ಕಬ್ಬಿನ ಗದ್ದೆಯಲ್ಲಿ ದುಡಿದವರು. ಏಳು ಮಕ್ಕಳಲ್ಲಿ ಇವರೇ ಕೊನೆಯವರು. ಇಂಗ್ಲಿಷ್ ಅಷ್ಟಾಗಿ ಬರದ ಕಪ್ಪು ಹುಡುಗ ಇಲ್ಲಿಗೆ ಬಂದಾಗ ಪತ್ರಿಕೆಯವರು ಅವರ ಉಚ್ಚಾರಣೆಯನ್ನು ಹಾಗ್ಹಾಗೇ ಅಚ್ಚು ಹಾಕಿ ನಗುತ್ತಿದ್ದರು. ಮೈ ನೋವು ಎಂದರೆ ನಾಟಕ ಎನ್ನುತ್ತಿದ್ದರು. ಫ್ಲೋರಿಡಾದ ಅಭ್ಯಾಸ ಶಿಬಿರದಲ್ಲಿ ಬಿಳಿಯ ಆಟಗಾರರು ಇಳಿದುಕೊಂಡ ಹೋಟೆಲಿನಲ್ಲಿ ಇವರಿಗೆ ಜಾಗವಿರಲಿಲ್ಲ. ಹೆಸರು? ಬಾಬ್ ಎಂದುಬಿಟ್ಟರು. ಎಷ್ಟೋ ವರ್ಷ ಬೇಸ್‌ಬಾಲ್ ಕಾರ್ಡುಗಳ ಮೇಲೂ ಬಾಬ್ ಕ್ಲೆಮೆಂಟೆ ಎಂದೇ ಅಚ್ಚಾಯಿತು. ಅವರು ಮಾತ್ರ ಪ್ರತಿ ಸಲ ತಿದ್ದುತ್ತಿದ್ದರು, ನನ್ನ ಹೆಸರು ರೊಬೆರ್ಟೊ ಎಂದು.

ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸರಣಿಗೆ ವರ್ಲ್ಡ್ ಸೀರೀಸ್ ಎನ್ನುತ್ತಾರೆ. 1971ರದ್ದರಲ್ಲಿ ಬಾಲ್ಟಿಮೋರ್ ವಿರುದ್ಧ ಏಳಕ್ಕೆ ಏಳು ಪಂದ್ಯದಲ್ಲೂ ಅವರಿಂದ ಹಿಟ್ ಬಂತು, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರು. ಸರಣಿಯ ಶ್ರೇಷ್ಠ ಆಟಗಾರ ಅವರೇ. ಗೆದ್ದ ಮೇಲೆ ದೇಶವೆಲ್ಲ ಟಿವಿ ನೋಡುತ್ತಿರುವಾಗ ಮೈಕ್ ಮುಂದೆ ಮೊದಲು ಇಂಗ್ಲಿಷ್ ಆಡಲಿಲ್ಲ. ಸ್ಪ್ಯಾನಿಷ್‌ನಲ್ಲಿ ಅಪ್ಪ ಅಮ್ಮನ ಆಶೀರ್ವಾದ ಕೇಳಿದರು. ಆ ತುಣುಕನ್ನು ಮೊದಲ ಸಲ ನೋಡಿದಾಗ ನನಗೆ ಗಂಟಲು ಕಟ್ಟಿತು. ಭಾಷೆ ಅರ್ಥವಾಗಲಿಲ್ಲ, ಆದರೆ ಏನು ಕೇಳುತ್ತಿದ್ದಾರೆ ಎಂದು ಗೊತ್ತಾಯ್ತು.

ಮರುವರ್ಷ, 1972ರ ಸೆಪ್ಟೆಂಬರ್ 30ರಂದು, ಅವರ 3,000ನೇ ಹಿಟ್. ಲೀಗ್ ಲೆಕ್ಕ ಅಲ್ಲಿಗೇ ನಿಂತುಹೋಯಿತು. ಡಿಸೆಂಬರ್ 23ಕ್ಕೆ ನಿಕರಾಗುವಾದ ಮನಾಗುವಾದಲ್ಲಿ ಭೂಕಂಪ ಆಯಿತು. ಕ್ಲೆಮೆಂಟೆ ಮುಂದೆ ನಿಂತು ಊಟ, ಔಷಧಿ, ಬಟ್ಟೆ ಸೇರಿಸಿ ಕಳಿಸಿದರು. ಅದು ಜನರ ಕೈ ಸೇರುತ್ತಿಲ್ಲ, ನಡುವೆಯೇ ಕದಿಯುತ್ತಿದ್ದಾರೆ ಎಂದು ಸುದ್ದಿ ಬಂತು. ನಾನೇ ಹೋಗುತ್ತೇನೆ ಎಂದು ಡಿಸೆಂಬರ್ 31ರ ರಾತ್ರಿ ವಿಮಾನ ಹತ್ತಿದರು. ಹಳೆಯ ವಿಮಾನ, ಅಳತೆ ಮೀರಿದ ಭಾರ. ಮೇಲೇರಿದ ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು. ದೇಹ ಸಿಗಲೇ ಇಲ್ಲ. 38 ವರ್ಷ. ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಲು ಆಟ ಬಿಟ್ಟು ಐದು ವರ್ಷ ಕಾಯಬೇಕೆಂಬ ನಿಯಮವನ್ನು ಅವರಿಗಾಗಿ ಬದಿಗಿಟ್ಟರು. ನಿನ್ನ ಆಫೀಸಿನ ಹಿರಿಯರು ಈ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರೆ, ಗಮನಿಸು.

ಇನ್ನು ಬಿಲ್ ಮಜೆರಾಸ್ಕಿ. ಇವರ ಕೆಲಸ ಜಾಸ್ತಿ ಕೈಯದ್ದು, ಬ್ಯಾಟಿನದ್ದಲ್ಲ. ಸೆಕೆಂಡ್ ಬೇಸ್ ಕಾಯುತ್ತಾ, ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಎಂಟು ಸಲ ಗೆದ್ದವರು. 1960ರ ವರ್ಲ್ಡ್ ಸೀರೀಸ್, ಎದುರಿಗೆ ನ್ಯೂಯಾರ್ಕ್ ಯಾಂಕೀಸ್. ಏಳು ಪಂದ್ಯದ ಒಟ್ಟು ರನ್ ಕೂಡಿದರೆ ಯಾಂಕೀಸ್ 55, ಪೈರೇಟ್ಸ್ 27. ಅವರು ಗೆದ್ದಾಗಲೆಲ್ಲ ಬಡಿದು ಹಾಕಿ ಗೆದ್ದರು, ಇವರು ಗೆದ್ದಾಗಲೆಲ್ಲ ಉಸಿರು ಬಿಗಿಹಿಡಿದು ಗೆದ್ದರು. ಅಕ್ಟೋಬರ್ 13, ಏಳನೇ ಪಂದ್ಯ, ಒಂಬತ್ತನೇ, ಅಂದರೆ ಕೊನೆಯ ಇನ್ನಿಂಗ್ಸ್, ಸ್ಕೋರು 9-9. ಮಜೆರಾಸ್ಕಿ ಹೊಡೆದ ಚೆಂಡು ಎಡಗಡೆಯ ಇಟ್ಟಿಗೆ ಗೋಡೆ ದಾಟಿಹೋಯಿತು. ಮಧ್ಯಾಹ್ನ 3 ಗಂಟೆ 36 ನಿಮಿಷ. ಏಳನೇ ಪಂದ್ಯವನ್ನು ಹೋಮ್ ರನ್ ಹೊಡೆದು ಅಲ್ಲಿಗಲ್ಲಿಗೇ ಮುಗಿಸಿದವರು ವರ್ಲ್ಡ್ ಸೀರೀಸ್‌ನಲ್ಲಿ ಇವರೊಬ್ಬರೇ. 2001ರಲ್ಲಿ ಹಾಲ್ ಆಫ್ ಫೇಮ್‌ಗೆ ಕರೆದಾಗ ಬರೆದು ತಂದ ಭಾಷಣ ಓದಲಾಗಲಿಲ್ಲ. ಅತ್ತು, ಕ್ಷಮೆ ಕೇಳಿ, ಕೂತುಬಿಟ್ಟರು. ನನಗೆ ಆ ಹೋಮ್ ರನ್‌ಗಿಂತ ಇದೇ ಹೆಚ್ಚು ಇಷ್ಟ.

ಹೋನಸ್ ವ್ಯಾಗ್ನರ್ ಹೆಸರೂ ಕೇಳಿಬರುತ್ತದೆ. ಜರ್ಮನಿಯಿಂದ ವಲಸೆ ಬಂದ ಮನೆಯ ಹುಡುಗ, ಚಿಕ್ಕಂದಿನಲ್ಲೇ ಕಲ್ಲಿದ್ದಲು ಗಣಿಗೆ ಇಳಿದವರು. 1936ರಲ್ಲಿ ಹಾಲ್ ಆಫ್ ಫೇಮ್‌ಗೆ ಆರಿಸಿದ ಮೊದಲ ಐವರಲ್ಲಿ ಒಬ್ಬರು.

ವಿಲ್ಲಿ ಸ್ಟಾರ್ಜೆಲ್ ಅವರನ್ನು ತಂಡದವರು 'ಪಾಪ್ಸ್' ಎನ್ನುತ್ತಿದ್ದರು, ಅಂದರೆ ಅಪ್ಪ. ಚೆನ್ನಾಗಿ ಆಡಿದ ಹುಡುಗರ ಟೋಪಿಗೆ ಅಂಟಿಸಲು ತಾವೇ ಒಂದು ಬಂಗಾರ ಬಣ್ಣದ ನಕ್ಷತ್ರ ಕೊಡುತ್ತಿದ್ದರು. 39ನೇ ವಯಸ್ಸಿನಲ್ಲಿ 1979ರ ವರ್ಲ್ಡ್ ಸೀರೀಸ್ ಗೆಲ್ಲಿಸಿದರು. 2001ರ ಏಪ್ರಿಲ್ 9, ಪಿಎನ್‌ಸಿ ಪಾರ್ಕ್‌ನ ಮೊದಲ ಲೀಗ್ ಪಂದ್ಯದ ದಿನ, ಬೆಳಗ್ಗೆ ಅವರು ತೀರಿಕೊಂಡ ಸುದ್ದಿ ಬಂತು. ಎರಡು ದಿನ ಮೊದಲಷ್ಟೇ ಅವರ ಪ್ರತಿಮೆ ತೆರೆದಿದ್ದರು. ಅವತ್ತು ನಾನೂ ಹೋಗಿದ್ದೆ. ಪ್ರತಿಮೆಯ ಕಾಲ ಬಳಿ ಹೂ ರಾಶಿ ಬಿದ್ದಿತ್ತು. ಯಾರ ಪರಿಚಯವೂ ಇಲ್ಲದೆ, ಆ ಗುಂಪಿನಲ್ಲಿ ನಿಂತಾಗ ಮೊದಲ ಸಲ ಈ ಊರಿನವನು ಅನ್ನಿಸಿತು.

ಬ್ಯಾರಿ ಬಾಂಡ್ಸ್ ವಿಷಯ ನೀನಾಗಿ ತೆಗೆಯಬೇಡ. ಅಸಾಧ್ಯ ಆಟಗಾರ, ಆದರೆ 1992ರಲ್ಲಿ ಕೊನೇ ಗಳಿಗೆಯಲ್ಲಿ ಅಟ್ಲಾಂಟಾಕ್ಕೆ ಸೋತ ಮೇಲೆ ಅವರು ತಂಡ ಬಿಟ್ಟು ಹೋದರು. ಆಮೇಲೆ ಸತತ 20 ವರ್ಷ, 2012ರವರೆಗೆ, ಗೆಲುವಿಗಿಂತ ಸೋಲೇ ಜಾಸ್ತಿ. ಜನರಿಗೆ ಆ ನೋವು ಇನ್ನೂ ಇದೆ.

ನಿನಗೆ ಹೇಳಲೇಬೇಕಾದ ಇನ್ನಿಬ್ಬರು: ರಿಂಕು ಸಿಂಗ್, ದಿನೇಶ್ ಪಟೇಲ್. ಉತ್ತರ ಪ್ರದೇಶದ ಹುಡುಗರು, ಜಾವೆಲಿನ್ ಎಸೆಯುತ್ತಿದ್ದವರು. ಚೆಂಡೆಸೆತದ ಸ್ಪರ್ಧೆಯೊಂದರಲ್ಲಿ ಕಣ್ಣಿಗೆ ಬಿದ್ದು, 2008ರಲ್ಲಿ ಇದೇ ಪೈರೇಟ್ಸ್ ಜೊತೆ ಒಪ್ಪಂದವಾಯ್ತು. ಫ್ಲೋರಿಡಾದ ಕೆಳಹಂತದ ಲೀಗಿನಲ್ಲಿ ಆಡಿದರು. ಮೇಲಿನ ತಂಡಕ್ಕೆ ಬರಲಾಗಲಿಲ್ಲ. ಆದರೂ ಆ ವರ್ಷ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ಪುಳಿಯೋಗರೆ ಸಾಲಿನಲ್ಲಿ ನಿಂತಾಗ ನಾವೆಲ್ಲ ಮಾತಾಡಿದ್ದು ಅವರ ಬಗ್ಗೆಯೇ. ಈ ತಂಡದ ಹಳೆಯ ಆಟಗಾರರನ್ನು ಎಣಿಸುವಾಗ ನಾನು ಅವರನ್ನು ಬಿಡುವುದಿಲ್ಲ.

ಈಗ ನಿನ್ನ ಹೆಸರಿನ ವಿಷಯ. ನನ್ನ ಮೊದಲ ಕೆಲಸದಲ್ಲಿ ನನಗೂ ಒಂದು ತುಂಡು ಹೆಸರು ಇಟ್ಟರು. ಅವರಿಗೆ ತೊಂದರೆ ಯಾಕೆ ಎಂದು ನಾಲ್ಕು ವರ್ಷ ಸುಮ್ಮನಿದ್ದೆ. ಊರಿನಿಂದ ಬಂದ ಅಮ್ಮ ಒಂದು ದಿನ, ನಿನ್ನನ್ನು ಏನೆಂದು ಕರೆಯುತ್ತಿದ್ದಾರೋ ಎಂದು ಕೇಳಿದಾಗ ಉತ್ತರ ಹೊರಡಲಿಲ್ಲ. ಸೋಮವಾರ ಹೋಗಿ ಎಲ್ಲರಿಗೂ ಪೂರ್ತಿ ಹೆಸರು ಹೇಳಿದೆ, ಬಿಡಿಸಿ, ಎರಡು ಸಲ. ತಡವರಿಸಿದರು. ವಾರದೊಳಗೆ ಬಂತು. ಒಬ್ಬ ಹಿರಿಯರು ಮಾತ್ರ ನನ್ನ ಮೇಜಿನ ಹತ್ತಿರ ಬಂದು, ಕ್ಲೆಮೆಂಟೆ ಅವರನ್ನು ನಾವೂ ಬಾಬ್ ಎಂದಿದ್ದೆವು, ತಪ್ಪು ಮಾಡಿದೆವು ಎಂದರು. ನಗುನಗುತ್ತಲೇ ಹೇಳು ಮಾರಾಯ, ಆದರೆ ಹೇಳು.

ಲಾರೆನ್ಸ್‌ವಿಲ್‌ನಲ್ಲಿ ಹಳೆಯ ಅಗ್ನಿಶಾಮಕ ಠಾಣೆಯೊಳಗೆ ಕ್ಲೆಮೆಂಟೆ ಮ್ಯೂಸಿಯಂ ಇದೆ. ಪುರುಸೊತ್ತಾದಾಗ ನೋಡಿ ಬಾ. ಅಕ್ಟೋಬರ್ 13ಕ್ಕೆ ಮಾತ್ರ ರಜೆ ಹಾಕು. ಓಕ್‌ಲ್ಯಾಂಡಿನಲ್ಲಿ, ವಿಶ್ವವಿದ್ಯಾಲಯದ ಪಕ್ಕ, 1960ರ ಆ ಪಂದ್ಯ ನಡೆದ ಹಳೆಯ ಮೈದಾನ ಫೋರ್ಬ್ಸ್ ಫೀಲ್ಡ್‌ನ ಗೋಡೆಯ ಒಂದು ಭಾಗ ಇನ್ನೂ ನಿಂತಿದೆ. ಪ್ರತಿ ವರ್ಷ ಆ ದಿನ ಜನ ಅಲ್ಲಿ ಕುರ್ಚಿ ಹಾಕಿಕೊಂಡು 1960ರ ರೇಡಿಯೋ ಕಾಮೆಂಟರಿ ಮೊದಲಿನಿಂದ ಕೇಳುತ್ತಾರೆ. 3 ಗಂಟೆ 36 ನಿಮಿಷಕ್ಕೆ ಸರಿಯಾಗಿ ಚೆಂಡು ಗೋಡೆ ದಾಟುತ್ತದೆ, ಎಲ್ಲರೂ ಆಗಷ್ಟೇ ಗೆದ್ದ ಹಾಗೆ ಕುಣಿಯುತ್ತಾರೆ. ನಾನು ಒಂದು ಗಂಟೆಗೇ ಬಂದಿರುತ್ತೇನೆ, ಫ್ಲಾಸ್ಕಿನಲ್ಲಿ ಕಾಫಿ ಇರುತ್ತದೆ. ನಿನಗೂ ಒಂದು ಮಡಚುವ ಕುರ್ಚಿ ತರುತ್ತೇನೆ. ಅಕ್ಕಪಕ್ಕದವರಿಗೆ ನಿನ್ನ ಹೆಸರು ನೀನೇ ಹೇಳಬೇಕು.