ಕೊಡಚಾದ್ರಿ ಜೀಪು ಹತ್ತಿದವರಿಗೆ ಬಾಲಿಯ ಕಪ್ಪು ಲಾವಾ ದಾರಿ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಮನೆಯವರು ಆರು ಜನ ಬಾಲಿಗೆ ಹೊರಟಿದ್ದೇವೆ. ಅಲ್ಲಿ ಬಾಟೂರ್ ಅಗ್ನಿಪರ್ವತಕ್ಕೆ ಒಂದು ದಿನದ ಜೀಪ್ ಪ್ರವಾಸ ಇದೆಯಂತೆ. ಕೊಡಚಾದ್ರಿಗೆ ಕಟ್ಟಿನಹೊಳೆಯಿಂದ ಜೀಪಿನಲ್ಲಿ ನಾಲ್ಕೈದು ಸಲ ಹೋಗಿಬಂದವರು ನಾವು. ಅದೂ ಹೀಗೆಯೇ ಇರುತ್ತದೆಯೇ? ಮೊದಲೇ ಏನೇನು ಕೇಳಿಕೊಳ್ಳಬೇಕು? (ಸಾಗರ)

ಅರ್ಧ ಹೀಗೆಯೇ, ಅರ್ಧ ಬೇರೆ. ಎತ್ತಿಹಾಕುವ ದಾರಿ, ಸ್ಥಳೀಯ ಚಾಲಕ, ಹಳೆಯ ಗಟ್ಟಿ ಗಾಡಿ ಎಲ್ಲ ನಿಮಗೆ ಗೊತ್ತಿರುವಂಥದ್ದೇ. ಆದರೆ ಕೊಡಚಾದ್ರಿಯಲ್ಲಿ ಜೀಪು ನಿಮ್ಮನ್ನು ಬೆಟ್ಟದ ಮೇಲಕ್ಕೆ ಮುಟ್ಟಿಸುತ್ತದೆ. ಬಾಟೂರಿನಲ್ಲಿ ಜೀಪು 1,717 ಮೀಟರ್ ಎತ್ತರದ ಶಿಖರಕ್ಕೆ ಹೋಗುವುದಿಲ್ಲ, ಶಿಖರಕ್ಕೆ ನಡೆದೇ ಹತ್ತಬೇಕು. ಜೀಪು ನಿಲ್ಲುವುದು ಎದುರಿನ ನೋಟದ ಜಾಗದಲ್ಲಿ. ಅಲ್ಲಿ ಸೂರ್ಯೋದಯ ನೋಡಿ, ಆಮೇಲೆ ಕೆಳಗಿನ ಕಪ್ಪು ಲಾವಾ ಬಯಲಿಗೆ ಇಳಿಯುತ್ತೀರಿ. ‘ಜೀಪಿನಲ್ಲಿ ತುದಿಯವರೆಗೆ’ ಎಂದು ಯಾರಾದರೂ ಹೇಳಿದರೆ ಅಲ್ಲೇ ಮಾತು ನಿಲ್ಲಿಸಿ.

ಎರಡನೆಯದು ಜನರ ಲೆಕ್ಕ. ಇಲ್ಲಿ ಒಂದು ಜೀಪಿಗೆ ಎಂಟು ಮಂದಿ ತುಂಬಿದ ಮೇಲೆಯೇ ಗಾಡಿ ಹೊರಡುತ್ತದೆ. ಅಲ್ಲಿ ಸಾಮಾನ್ಯವಾಗಿ ಒಂದು ಜೀಪಿಗೆ ನಾಲ್ಕು ಪ್ರಯಾಣಿಕರು. ಆರು ಜನಕ್ಕೆ ಎರಡು ಜೀಪು ಬೇಕು. ‘ಒಂದರಲ್ಲೇ ಹೊಂದಿಸಿಕೊಡಿ’ ಎಂದು ಚೌಕಾಶಿ ಮಾಡಬೇಡಿ. ಹೆಚ್ಚುವರಿಯಾಗಿ ಕೂತವರಿಗೆ ಹಿಡಿಕೆಯೂ ಇರುವುದಿಲ್ಲ, ಬೆಲ್ಟೂ ಇರುವುದಿಲ್ಲ. ಮೂರು-ಮೂರಾಗಿ ಹಂಚಿಕೊಂಡು, ವಯಸ್ಸಾದವರನ್ನು ಚಾಲಕನ ಪಕ್ಕದಲ್ಲಿ ಕೂರಿಸಿ. ಹಿಂದಿನ ಚಕ್ರದ ಅಚ್ಚಿಗಿಂತ ಮುಂದೆ ಕೂತವರಿಗೆ ಕುಲುಕಾಟ ಕಡಿಮೆ. ಅಚ್ಚಿನ ಮೇಲೋ ಹಿಂದೋ ಕೂತವರ ಬೆನ್ನಿಗೆ ಪ್ರತಿ ಹೊಂಡವೂ ನೇರವಾಗಿ ತಾಗುತ್ತದೆ. ಅಡ್ಡ ಬೆಂಚಿನಲ್ಲಿ ಕೂತರೆ ಸೊಂಟ ತಿರುಚಿ ಇನ್ನೂ ಕಷ್ಟ. ಬೆನ್ನಿನ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು ಈ ಪ್ರವಾಸ ಬಿಡುವುದೇ ಸರಿ.

ಹಣ ಕೊಡುವ ಮೊದಲು ವಾಟ್ಸಾಪಿನಲ್ಲಿ ಬರವಣಿಗೆಯಲ್ಲೇ ಉತ್ತರ ಪಡೆಯಬೇಕಾದ ವಿಷಯಗಳು ಇವು: ಬೆಲೆ ತಲೆಗೋ ಜೀಪಿಗೋ, ಸೀಟುಗಳು ಮುಂದಕ್ಕೆ ಮುಖ ಮಾಡಿವೆಯೇ, ಬೆಲ್ಟ್ ಮತ್ತು ತಲೆಯ ಮೇಲೆ ಕಬ್ಬಿಣದ ಚೌಕಟ್ಟು ಇದೆಯೇ, ಹೋಟೆಲಿನಿಂದ ಜೀಪು ಸಿಗುವ ಜಾಗದವರೆಗೆ ಮುಚ್ಚಿದ ಕಾರು ಸೇರಿದೆಯೇ, ಪ್ರವೇಶ ಶುಲ್ಕ, ಬಿಸಿನೀರಿನ ಬುಗ್ಗೆಯ ಟಿಕೆಟ್, ತಿಂಡಿ ಸೇರಿವೆಯೇ, ಮೋಡ ಕವಿದರೆ ಏನು ಮಾಡುತ್ತಾರೆ. ಮುಚ್ಚಿದ ಕಾರಿನ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಕುಟಾ ಕಡೆಯಿಂದ ಬಾಟೂರಿಗೆ ಎರಡರಿಂದ ಎರಡೂವರೆ ಗಂಟೆ, ಉಬುದ್‌ನಿಂದಾದರೆ ಒಂದರಿಂದ ಒಂದೂವರೆ ಗಂಟೆ. ಅಷ್ಟು ದೂರ ಬೆಳಗಿನ ಜಾವ ತೆರೆದ ಜೀಪಿನಲ್ಲಿ ಹೋಗಬಾರದು. ಹಿಂದಿನ ರಾತ್ರಿ ಉಬುದ್‌ನಲ್ಲಿ ಉಳಿದರೆ ನಿದ್ದೆಯೂ ಉಳಿಯುತ್ತದೆ.

ವೇಳಾಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: ಉಬುದ್‌ನಿಂದ ರಾತ್ರಿ ಮೂರರ ಸುಮಾರಿಗೆ ಹೊರಟು, ನಾಲ್ಕೂವರೆಗೆ ಜೀಪು ಹತ್ತಿ, ಐದೂಕಾಲಿಗೆ ನೋಟದ ಜಾಗ. ಸೂರ್ಯ ಹುಟ್ಟುವುದು ವರ್ಷದ ಕಾಲ ನೋಡಿಕೊಂಡು ಆರರಿಂದ ಆರೂವರೆಯ ಹೊತ್ತಿಗೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಂದರೆ ಅವರ ಮೂರು ಗಂಟೆ ನಿಮ್ಮ ದೇಹಕ್ಕೆ ರಾತ್ರಿ ಹನ್ನೆರಡೂವರೆ. ಆದ್ದರಿಂದ ಬಂದಿಳಿದ ಮರುದಿನವೇ ಈ ಪ್ರವಾಸ ಇಟ್ಟುಕೊಳ್ಳಬೇಡಿ, ಮೂರನೆಯ ದಿನಕ್ಕೆ ಇಡಿ.

ಮನೆಯಲ್ಲಿ ಹಿರಿಯರು, ಪುಟ್ಟ ಮಕ್ಕಳು ಇದ್ದರೆ ನಮ್ಮ ಸಲಹೆ ಬೇರೆಯೇ: ಸೂರ್ಯೋದಯ ಬಿಟ್ಟುಬಿಡಿ. ಬೆಳಿಗ್ಗೆ ಏಳಕ್ಕೆ ಹೊರಟು ನೇರವಾಗಿ ಲಾವಾ ಬಯಲಿಗೆ ಹೋಗುವ ಪ್ರವಾಸ ಕೇಳಿ. ಆ ಹೊತ್ತಿಗೆ ಸೂರ್ಯೋದಯದ ಗುಂಪುಗಳು ಹಿಂತಿರುಗುತ್ತಿರುತ್ತವೆ, ಧೂಳು ಕಡಿಮೆ, ಕಲ್ಲು ಕಣ್ಣಿಗೆ ಕಾಣುತ್ತದೆ. ಈ ದ್ವೀಪದ ಕಥೆ ಇರುವುದೂ ಆ ಕಲ್ಲಿನಲ್ಲೇ. 1926ರ ಲಾವಾ ಬಾಟೂರ್ ಹಳ್ಳಿಯನ್ನೂ ಅದರ ದೇವಸ್ಥಾನವನ್ನೂ ಮುಚ್ಚಿತು. ಊರವರು ದೇವಸ್ಥಾನವನ್ನು ಪರ್ವತದ ಸುತ್ತಲಿನ ಎತ್ತರದ ಅಂಚಿಗೆ ತಂದು ಮತ್ತೆ ಕಟ್ಟಿದರು, ಅದೇ ಈಗಿನ ಉಲುನ್ ದಾನು ಬಾಟೂರ್. ಜೀಪುಗಳು ಓಡಾಡುವ ಕಪ್ಪು ಬಯಲು 1963ರ ಮತ್ತು ಆಮೇಲಿನ ಲಾವಾದ್ದು. ಕಲ್ಲಿನ ತುಂಬ ತೂತು ನೋಡಿ ‘ನಮ್ಮ ಜಂಬಿಟ್ಟಿಗೆ ಹಾಗೆಯೇ ಇದೆ’ ಅನ್ನಿಸುತ್ತದೆ. ಆದರೆ ಹುಟ್ಟು ಬೇರೆ. ಜಂಬಿಟ್ಟಿಗೆಯ ತೂತು ಸಾವಿರಾರು ಮಳೆಗಾಲ ತೊಳೆದದ್ದು, ಲಾವಾದ ತೂತು ಕುದಿಯುತ್ತಿದ್ದಾಗ ಒಳಗೇ ಸಿಕ್ಕಿಕೊಂಡ ಅನಿಲದ ಗುಳ್ಳೆ. ಜಂಬಿಟ್ಟಿಗೆಯ ಮೇಲೆ ಬಿದ್ದರೆ ತರಚುತ್ತದೆ, ಹೊಸ ಲಾವಾದ ಮೇಲೆ ಬಿದ್ದರೆ ಒಡೆದ ಗಾಜಿನಂತೆ ಕೊಯ್ಯುತ್ತದೆ. ಹವಾಯಿ ಚಪ್ಪಲಿ ಬೇಡ, ದಪ್ಪ ತಳದ ಬೂಟು ಹಾಕಿ.

ಚಳಿಗೂ ತಯಾರಿರಿ. ಪೆನೆಲೋಕನ್ ಊರಿನ ಕಡೆಯ ಆ ಅಂಚು ಸುಮಾರು 1,450 ಮೀಟರ್, ಕೊಡಚಾದ್ರಿಯ 1,343 ಮೀಟರಿಗಿಂತ ಎತ್ತರ. ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು.

ಪ್ರಶ್ನೆ: ತಾಯಿಗೆ 62 ವರ್ಷ, ಉಬ್ಬಸ ಇದೆ. ಗಂಧಕದ ಹೊಗೆ ಇರುವ ಕಡೆಗೆ ಕರೆದೊಯ್ಯಬಹುದೇ? ಮಾಸ್ಕ್ ಸಾಕೇ? (ತೀರ್ಥಹಳ್ಳಿ)

ಮಾಸ್ಕಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಎನ್95 ಮಾಸ್ಕ್ ಬೂದಿ ಮತ್ತು ಧೂಳನ್ನು ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಸಲ್ಫರ್ ಡೈಆಕ್ಸೈಡ್ ಉಬ್ಬಸದವರ ಶ್ವಾಸನಾಳವನ್ನು ಕೆಲವೇ ನಿಮಿಷಗಳಲ್ಲಿ ಬಿಗಿಯುತ್ತದೆ. ಒದ್ದೆ ಬಟ್ಟೆ ಕಟ್ಟಿಕೊಂಡರೂ ಹೆಚ್ಚೇನೂ ಉಪಯೋಗವಿಲ್ಲ.

ಬಾಟೂರಿನ ಜೀಪ್ ಪ್ರವಾಸ ಪರ್ವತದ ತುದಿಯ ಕುಂಡದ ಬಾಯಿಗೆ ಹೋಗುವುದಿಲ್ಲ, ಹಾಗಾಗಿ ಅಲ್ಲಿ ಗಂಧಕದ ಹೊಗೆಗಿಂತ ಮೂರು ಬೇರೆ ಸಂಗತಿಗಳು ನಿಮ್ಮ ತಾಯಿಗೆ ತೊಂದರೆ ಕೊಡುತ್ತವೆ: ಬೆಳಗಿನ ಜಾವದ ತಣ್ಣನೆ ಗಾಳಿ, ಮುಂದಿನ ಜೀಪು ಎಬ್ಬಿಸುವ ಧೂಳು, ಸೂರ್ಯೋದಯದ ಜಾಗದಲ್ಲಿ ಸಾಲಾಗಿ ನಿಂತ ಗಾಡಿಗಳ ಹೊಗೆ. ಬೆಳಿಗ್ಗೆ ತಡವಾಗಿ ಹೊರಡುವ ಪ್ರವಾಸ ಆರಿಸಿಕೊಂಡರೆ ಮೂರೂ ಕಡಿಮೆಯಾಗುತ್ತವೆ. ಮುಂದಿನ ಗಾಡಿಯಿಂದ ಐವತ್ತು ಮೀಟರ್ ಹಿಂದಿರಲು ಚಾಲಕನಿಗೆ ಹೇಳಿ. ‘ಪೆಲಾನ್-ಪೆಲಾನ್’ ಅಂದರೆ ನಿಧಾನ, ‘ಬೆರ್ಹೆಂತಿ’ ಅಂದರೆ ನಿಲ್ಲಿಸಿ. ಈ ಎರಡು ಮಾತು ಕಲಿತಿರಿ. ಇನ್‌ಹೇಲರ್ ಬ್ಯಾಗಿನಲ್ಲಲ್ಲ, ಅವರ ಜೇಬಿನಲ್ಲೇ ಇರಲಿ. ಹೊರಡುವ ಮೊದಲೇ ಒಂದು ಸಲ ಎಳೆದುಕೊಳ್ಳಬೇಕೇ ಎಂದು ಅವರ ವೈದ್ಯರನ್ನು ಕೇಳಿ.

ಎಲ್ಲಾದರೂ ಕೊಳೆತ ಮೊಟ್ಟೆಯ ಅಥವಾ ಸುಟ್ಟ ಬೆಂಕಿಕಡ್ಡಿಯ ವಾಸನೆ ಬಂದರೆ ಗಾಳಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ನಡೆಯಿರಿ. ಈ ಅನಿಲಗಳು ಗಾಳಿಗಿಂತ ಭಾರ, ತಗ್ಗಿನಲ್ಲಿ ಮಡುಗಟ್ಟುತ್ತವೆ. ಮಳೆ-ಗಾಳಿಗೆ ತಗ್ಗಿನಲ್ಲಿ ಅಡಗಿ ಕೂರುವುದು ನಮ್ಮ ಅಭ್ಯಾಸ. ಅಲ್ಲಿ ಅದು ಅಪಾಯ.

ಇಂಡೋನೇಷ್ಯಾದಲ್ಲಿ ಅಗ್ನಿಪರ್ವತದ ಎಚ್ಚರಿಕೆಗೆ ನಾಲ್ಕು ಮೆಟ್ಟಿಲು: ನೊರ್ಮಲ್, ವಸ್ಪಾದ, ಸಿಯಾಗ, ಆವಾಸ್. ‘ಮ್ಯಾಗ್ಮಾ ಇಂಡೋನೇಷ್ಯಾ’ ಎಂಬ ಸರ್ಕಾರಿ ಆ್ಯಪಿನಲ್ಲಿ ಹಿಂದಿನ ರಾತ್ರಿ ನೋಡಿ. ಎರಡನೆಯ ಮೆಟ್ಟಿಲಿದ್ದರೆ ಕುಂಡದಿಂದ ಎಷ್ಟು ದೂರ ಇರಬೇಕೆಂದು ಅದರಲ್ಲೇ ಇರುತ್ತದೆ, ಅದರ ಹೊರಗೇ ಇರಿ. ಮೂರಾದರೆ ಹೋಗಬೇಡಿ, ಮುಂಗಡ ಹೋದರೂ ಹೋಗಲಿ. ಎರಡನೆಯ ಮೆಟ್ಟಿಲನ್ನು ಹಗುರವಾಗಿ ನೋಡಬಾರದು ಎನ್ನಲು ಕಾರಣವಿದೆ. ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ 2019ರ ಡಿಸೆಂಬರ್ 9ರಂದು ಸ್ಫೋಟವಾದಾಗ ಸೊನ್ನೆಯಿಂದ ಐದರವರೆಗಿನ ಅಲ್ಲಿನ ಎಚ್ಚರಿಕೆ ಎರಡರಲ್ಲಿತ್ತು. ದ್ವೀಪದಲ್ಲಿದ್ದ 47 ಮಂದಿಯಲ್ಲಿ 22 ಮಂದಿ ತೀರಿಕೊಂಡರು. ನೆಲದೊಳಗಿನ ನೀರು ಒಮ್ಮೆಗೇ ಆವಿಯಾಗಿ ಸಿಡಿಯುವ ಇಂಥ ಸ್ಫೋಟ ಮುನ್ಸೂಚನೆ ಕೊಡದೆಯೂ ಬರುತ್ತದೆ. ಆದ್ದರಿಂದ ಕುಂಡದ ಬಾಯಿಯಲ್ಲಿ ಕಳೆಯುವ ನಿಮಿಷಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಪ್ರಶ್ನೆ: ನಾನೇ ಫೋರ್ ವೀಲ್ ಜೀಪು ಓಡಿಸುವವನು. ನಮ್ಮ ಕೆಸರಿಗೂ ಅಗ್ನಿಪರ್ವತದ ಕಪ್ಪು ಮರಳಿಗೂ ಓಡಿಸುವುದರಲ್ಲಿ ಏನು ವ್ಯತ್ಯಾಸ? (ಹೊಸನಗರ)

ನಮ್ಮ ಮಣ್ಣಿನಲ್ಲಿ ಜೇಡಿಯಿದೆ. ಮಳೆಗಾಲದಲ್ಲಿ ಅದು ಟೈರಿನ ಸಂದುಗಳೊಳಗೆ ತುಂಬಿಕೊಂಡು ಚಕ್ರವನ್ನು ನುಣುಪು ಮಾಡುತ್ತದೆ, ಗಾಡಿ ಪಕ್ಕಕ್ಕೆ ಜಾರುತ್ತದೆ. ಕಪ್ಪು ಮರಳಿನಲ್ಲಿ ಅಂಟೇ ಇಲ್ಲ. ಒದ್ದೆಯಾದಾಗ ಗಟ್ಟಿ, ಒಣಗಿದಾಗ ಹರಿಯುತ್ತದೆ. ಚಕ್ರ ಗಿರಗಿರನೆ ತಿರುಗಿದರೆ ಕೆಸರಿನಲ್ಲಿ ಕೆಲವೊಮ್ಮೆ ಕೆಳಗಿನ ಗಟ್ಟಿ ನೆಲ ಸಿಕ್ಕೀತು. ಮರಳಿನಲ್ಲಿ ಅಚ್ಚಿನವರೆಗೆ ಹೂತುಹೋಗುವುದೇ ಗತಿ.

ಆದ್ದರಿಂದ ಮರಳಿಗೆ ಇಳಿಯುವ ಮೊದಲು ಟೈರಿನ ಗಾಳಿ ಇಳಿಸುತ್ತಾರೆ: ರಸ್ತೆಯಲ್ಲಿ 30 ಪಿಎಸ್‌ಐ ಇದ್ದದ್ದನ್ನು 18ರ ಸುಮಾರಿಗೆ. ಟೈರು ಅಗಲವಾಗಿ ನೆಲಕ್ಕೆ ಕೂರುತ್ತದೆ. ಲೋ ರೇಂಜಿನಲ್ಲಿ ಎರಡನೆಯ ಗೇರು, ಒಂದೇ ಸಮ ವೇಗ. ನಿಲ್ಲಿಸಬೇಕಾದರೆ ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಡಬೇಕು, ಇಲ್ಲವಾದರೆ ಚಕ್ರದ ಮುಂದೆ ಮರಳಿನ ಗುಡ್ಡೆ ಏಳುತ್ತದೆ. ಗಾಳಿ ಕಡಿಮೆ ಇರುವಾಗ ಸ್ಟೇರಿಂಗನ್ನು ಥಟ್ಟನೆ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಮರಳು ಮುಗಿದು ಒಡೆದ ಲಾವಾ ಶುರುವಾಯಿತೆಂದರೆ ಲೆಕ್ಕ ತಿರುವುಮುರುವು. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕೆ ಹೊರಕ್ಕೆ ಉಬ್ಬಿರುತ್ತದೆ, ಚೂಪು ಕಲ್ಲು ಅಲ್ಲೇ ಸೀಳುತ್ತದೆ. ಪಕ್ಕೆ ಸೀಳಿದ ಟೈರಿಗೆ ಪಂಕ್ಚರ್ ಹಾಕಲು ಬರುವುದಿಲ್ಲ. ಹಾಗಾಗಿ ಕಲ್ಲಿನ ಮೇಲೆ 25ರ ಆಸುಪಾಸು. ಡಾಂಬರಿಗೆ ಬಂದ ಮೇಲೆ ಪೂರ್ತಿ ತುಂಬಿಸಲೇಬೇಕು, ಇಲ್ಲದಿದ್ದರೆ ಟೈರು ಕಾದು ಒಡೆಯುತ್ತದೆ.

ಬೂದಿ ಅಂದರೆ ಒಲೆಯ ಬೂದಿಯಲ್ಲ, ಅದು ಗಾಜು ಮತ್ತು ಕಲ್ಲಿನ ಪುಡಿ. ಒಣ ಗಾಜಿನ ಮೇಲೆ ವೈಪರ್ ಹಾಕಿದರೆ ಗೀರು ಬೀಳುತ್ತದೆ, ಮೊದಲು ನೀರು ಹೊಯ್ಯಬೇಕು. ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಕಾಗದದ ಫಿಲ್ಟರನ್ನು ತಟ್ಟಿ ಉದುರಿಸಬೇಕು, ತೊಳೆಯಬಾರದು. ಕ್ಯಾಮೆರಾ ಲೆನ್ಸಿಗೂ ಇದೇ ನಿಯಮ: ಊದುವ ರಬ್ಬರ್ ಬಲ್ಬ್ ಮೊದಲು, ಬಟ್ಟೆ ಕೊನೆಗೆ. ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳಿ.

ಪ್ರಯಾಣಿಕರಾಗಿ ಕೂತಾಗಲೂ ನಿಮ್ಮ ಮೂಗು ಕೆಲಸಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಸುಟ್ಟ ವಾಸನೆ ಬಂದರೆ ಚಾಲಕ ಗೇರಿನ ಬದಲು ಬ್ರೇಕಿನ ಮೇಲೆಯೇ ಇಳಿಸುತ್ತಿದ್ದಾನೆ ಎಂದರ್ಥ. ಹಳೆಯ ಜೀಪಿನ ಡ್ರಮ್ ಬ್ರೇಕ್ ಕಾದರೆ ಹಿಡಿತ ಬಿಡುತ್ತದೆ. ಸಂಕೋಚ ಬೇಡ, ನಿಲ್ಲಿಸಲು ಹೇಳಿ, ಹದಿನೈದಿಪ್ಪತ್ತು ನಿಮಿಷ ಆರಲಿ. ನೀರು ಸುರಿಯಲು ಬಿಡಬೇಡಿ, ಕಾದ ಡ್ರಮ್ ಬಿರುಕು ಬಿಡಬಹುದು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ತಿಂಡಿಗೆ ಏನು ಮಾಡುವುದು? (ಶಿವಮೊಗ್ಗ)

ಪ್ರವಾಸದ ತಿಂಡಿಯಲ್ಲಿ ಬೇಯಿಸಿದ ಮೊಟ್ಟೆ ಸಾಮಾನ್ಯ, ಜೊತೆಗೆ ಬ್ರೆಡ್ಡು, ಬಾಳೆಹಣ್ಣು. ‘ತನ್ಪಾ ತೆಲೂರ್’ ಎಂದರೆ ಮೊಟ್ಟೆ ಇಲ್ಲದೆ. ಆದರೆ ಕಣ್ಣಿಗೆ ಕಾಣದ್ದು ‘ತೆರಾಸಿ’, ಹುದುಗಿಸಿದ ಸಿಗಡಿಯ ಮುದ್ದೆ. ಸಾಂಬಲ್ ಎಂಬ ಅಲ್ಲಿನ ಖಾರದ ಚಟ್ನಿಯಲ್ಲಿ, ಹುರಿದ ಸೊಪ್ಪಿನಲ್ಲಿ, ಗಾದೊ-ಗಾದೊ ಎಂಬ ತರಕಾರಿ ತಿನಿಸಿನ ಮೇಲಿನ ಶೇಂಗಾ ಸಾರಿನಲ್ಲೂ ಅದಿರಬಹುದು. ಬರೀ ‘ವೆಜಿಟೇರಿಯನ್’ ಎಂದರೆ ತೆರಾಸಿ ಬಿಡುತ್ತಾರೆಂಬ ಖಾತ್ರಿಯಿಲ್ಲ. ‘ತನ್ಪಾ ತೆರಾಸಿ’ ಎಂದು ಬೇರೆಯಾಗಿ ಹೇಳಬೇಕು. ಒಗ್ಗರಣೆ ಹಾಕಿದ ಒಣ ಅವಲಕ್ಕಿಯ ಪೊಟ್ಟಣ ಜೊತೆಗಿರಲಿ, ಬೆಳಗಿನ ಚಳಿಯಲ್ಲಿ ಅದಕ್ಕಿಂತ ಹಿತವಾದದ್ದಿಲ್ಲ. ಘಟ್ಟದ ತಿರುವಿನಲ್ಲಿ ವಾಂತಿ ಬರುವವರು ಮಾತ್ರ ಹೊಟ್ಟೆ ತುಂಬ ತಿನ್ನಬೇಡಿ. ಮಾತ್ರೆ ತೆಗೆದುಕೊಳ್ಳುವುದಾದರೆ ಹೊರಡುವ ಒಂದು ಗಂಟೆ ಮುಂಚೆಯೇ ತೆಗೆದುಕೊಳ್ಳಿ.

ಇನ್ನೊಂದು: ಬಿಸಿನೀರಿನ ಬುಗ್ಗೆಗೆ ಇಳಿಯುವ ಮೊದಲು ಕಾಲ್ಗೆಜ್ಜೆ, ಕಾಲುಂಗುರ ತೆಗೆದಿಡಿ. ಗಂಧಕದ ನೀರಿಗೆ ಬೆಳ್ಳಿ ಕಪ್ಪಾಗುತ್ತದೆ.

ಪ್ರಶ್ನೆ: ಯಾವ ತಿಂಗಳು ಸರಿ? ಖರ್ಚಿನಲ್ಲಿ ಮರೆಯಬಾರದ್ದು ಯಾವುದು? (ಕೊಪ್ಪ)

ಬಾಲಿಯ ಮಳೆಗಾಲ ನವೆಂಬರಿನಿಂದ ಮಾರ್ಚ್. ಆಗುಂಬೆಯಲ್ಲಿ ಜಡಿಮಳೆ ಹಿಡಿದ ಜುಲೈಯಲ್ಲಿ ಅಲ್ಲಿ ಒಣ ಹವೆ. ಅಡಿಕೆ ಕೆಲಸ ಮುಗಿಸಿ ಹೊರಡುವವರಿಗೆ ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಅನುಕೂಲ, ಮುಂಗಾರಿನ ಮೊದಲ ಬೋರ್ಡೋ ಸಿಂಪಡಣೆಗೆ ವಾಪಸು ಬಂದಿರಬಹುದು. ಯುಗಾದಿ ರಜೆಗೆ ಟಿಕೆಟ್ ಮಾಡುವ ಮೊದಲು ಮಾತ್ರ ‘ನ್ಯೆಪಿ’ ಯಾವತ್ತು ಎಂದು ನೋಡಿ. ಅದು ಬಾಲಿಯ ಶಕ ವರ್ಷದ ಮೊದಲ ದಿನ, ಮೌನದ ದಿನ. 24 ಗಂಟೆ ವಿಮಾನ ನಿಲ್ದಾಣವೂ ಬಂದ್, ಹೋಟೆಲಿನಿಂದ ಹೊರಬರುವಂತಿಲ್ಲ. 2025ರಲ್ಲಿ ಅದು ಯುಗಾದಿಯ ಹಿಂದಿನ ದಿನ ಬಂತು, 2026ರಲ್ಲಿ ಎರಡೂ ಮಾರ್ಚ್ 19ರಂದೇ.

ಖರ್ಚಿನಲ್ಲಿ 30 ದಿನದ ಆಗಮನ ವೀಸಾ 5 ಲಕ್ಷ ರುಪಿಯಾ, ಅಂದರೆ ನಮ್ಮ ಸುಮಾರು 2,700 ರೂಪಾಯಿ. 2024ರ ಫೆಬ್ರವರಿ 14ರಿಂದ ಜಾರಿಯಾದ ಪ್ರವಾಸಿ ಶುಲ್ಕ 1.5 ಲಕ್ಷ ರುಪಿಯಾ. ಪಾಸ್‌ಪೋರ್ಟಿಗೆ ಆರು ತಿಂಗಳ ಆಯುಸ್ಸು ಉಳಿದಿರಬೇಕು. ಪ್ರಯಾಣ ವಿಮೆಯನ್ನು ಟಿಕೆಟ್ ಮಾಡಿದ ದಿನವೇ ಮಾಡಿಸಿ. ಪರ್ವತ ಉಗುಳಲು ಶುರು ಮಾಡಿದ ಮೇಲೆ ಕೊಂಡ ವಿಮೆ ಆ ಪರ್ವತದ ಬೂದಿಯಿಂದಾದ ನಷ್ಟಕ್ಕೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. 2017ರ ನವೆಂಬರಿನಲ್ಲಿ ಆಗುಂಗ್ ಪರ್ವತದ ಬೂದಿಗೆ ಬಾಲಿಯ ವಿಮಾನ ನಿಲ್ದಾಣ ಮುಚ್ಚಿತ್ತು. 2024ರ ನವೆಂಬರಿನಲ್ಲಿ ದೂರದ ಫ್ಲೋರೆಸ್ ದ್ವೀಪದ ಬೂದಿಗೂ ಬಾಲಿಯ ವಿಮಾನಗಳು ರದ್ದಾದವು. ಹಿಂತಿರುಗುವ ದಿನದ ಹಿಂದೆ-ಮುಂದೆ ಎರಡು ದಿನ ಸಡಿಲ ಇಟ್ಟುಕೊಳ್ಳಿ.

ಪ್ರಶ್ನೆ: ಪಾಸ್‌ಪೋರ್ಟ್ ಇಲ್ಲ. ನಮ್ಮ ದೇಶದಲ್ಲೇ ಇಂಥ ದ್ವೀಪ ಇದೆಯೇ? (ಭದ್ರಾವತಿ)

ಅಂಡಮಾನಿನ ಬ್ಯಾರನ್ ದ್ವೀಪ ಇದೆ, 1991ರಲ್ಲಿ ಮತ್ತೆ ಎಚ್ಚೆತ್ತ ಜೀವಂತ ಅಗ್ನಿಪರ್ವತ. ಆದರೆ ಜನವಸತಿ ಇಲ್ಲ, ಇಳಿಯಲು ಬಿಡುವುದಿಲ್ಲ, ದೋಣಿಯಿಂದ ನೋಡಬಹುದಷ್ಟೇ. ಹತ್ತಿರದ್ದು ಬೇಕಾದರೆ ಮಲ್ಪೆಯ ಸೇಂಟ್ ಮೇರಿಸ್ ದ್ವೀಪ: ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ತಣಿಯುತ್ತ ಕುಗ್ಗಿ ಕಂಬಗಳಾಗಿ ಸೀಳಿದೆ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಭದ್ರಾವತಿಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದದ್ದು ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿ. ಸುಮಾರು 250 ಕೋಟಿ ವರ್ಷ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ತಲೆದಿಂಬುಗಳನ್ನು ಒಟ್ಟಿದಂತೆ ಗಟ್ಟಿಯಾಗಿ ಕೂತಿದೆ. ಬಿಸಿಲು ಓರೆಯಾಗಿ ಬೀಳುವ ಬೆಳಿಗ್ಗೆ ಎಂಟರ ಮುಂಚೆಯೋ ಸಂಜೆ ನಾಲ್ಕರ ಮೇಲೆಯೋ ಹೋದರೆ ದಿಂಬುಗಳ ಅಂಚು ಸ್ಪಷ್ಟವಾಗಿ ಕಾಣುತ್ತದೆ.