ವಸ್ತಾದರನ್ನು ಕೇಳಿ: ಮೊದಲೇ ಮಾತಾಡಿಕೊಂಡ ಜಗಳ

ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿ ಒಂದು ಪ್ರೊ ರೆಸ್ಲಿಂಗ್ ಆಟ ನೋಡಿದ್ದೆ. ಅದರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಟಿವಿಯಲ್ಲಿ ಬರುವ ಡಬ್ಲ್ಯೂಡಬ್ಲ್ಯೂಇಯಂಥ ದೊಡ್ಡ ಕಂಪನಿಯ ಆಟವಲ್ಲ ಅದು. ಸಣ್ಣ ಹಾಲ್ ಬಾಡಿಗೆಗೆ ಹಿಡಿದು ಸ್ವಂತ ದುಡ್ಡಿನಲ್ಲಿ ನಡೆಸುವ ಸ್ವತಂತ್ರ ತಂಡದ್ದು. ಅಷ್ಟಕ್ಕೇ ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆಯೇ. ಕಬಡ್ಡಿ, ಕ್ರಿಕೆಟ್ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆ ತನಕ ತಾಳಿಕೊಳ್ಳಿ.

ನಮ್ಮ ರೂಮಿನ ಹುಡುಗರೆಲ್ಲ ಮೊಬೈಲಿನಲ್ಲಿ ಸಣ್ಣ ಕಂಪನಿಗಳ ರೆಸ್ಲಿಂಗ್ ನೋಡುತ್ತೇವೆ. ಅದರಲ್ಲಿ ಇಬ್ಬರು ತಿಂಗಳುಗಟ್ಟಲೆ ಬೈದಾಡಿಕೊಂಡು, ಹೊಡೆದಾಡಿಕೊಂಡು ಬರುತ್ತಾರೆ. ಅಪ್ಪ ನೋಡಿದರೆ ‘ಎಲ್ಲಾ ನಾಟಕ, ಸುಮ್ನೆ ಹೊತ್ತು ಹಾಳು’ ಅಂತಾರೆ. ಆ ದ್ವೇಷ ನಿಜಾನಾ, ಸುಳ್ಳಾ?
— ಬಿ.ಕಾಂ. ವಿದ್ಯಾರ್ಥಿ, ಜಮಖಂಡಿ

ತಮ್ಮಾ, ಅಪ್ಪ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಯಾರು ಗೆಲ್ಲಬೇಕು, ಆಟ ಹೇಗೆ ಮುಗಿಯಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತದೆ. ತೀರ್ಮಾನ ಮಾಡುವವನಿಗೆ ಬುಕರ್ ಅಂತ ಹೆಸರು. ಜನ ಮೆಚ್ಚುವವನು ಫೇಸ್, ಜನ ಬೈಯುವವನು ಹೀಲ್. ಇಬ್ಬರ ನಡುವೆ ಒಂದು ಜಗಳ ಹುಟ್ಟಿಸಿ, ಆಟದಿಂದ ಆಟಕ್ಕೆ ಬೆಳೆಸಿ, ದೊಡ್ಡ ಪಂದ್ಯದಲ್ಲಿ ತೀರಿಸುವುದು ಬುಕರನ ಕೆಲಸ.

ನಿನ್ನದು ಜಮಖಂಡಿ. ಜಾತ್ರೆಯಲ್ಲಿ ಹರದೇಶಿ-ನಾಗೇಶಿ ಹಾಡಿಕೆ ಕೇಳಿರುತ್ತೀ. ಒಂದು ಮೇಳ ಗಂಡು ಹೆಚ್ಚು ಅನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ. ಬೆಳತನಕ ಹಾಡಿನಲ್ಲೇ ಕಿತ್ತಾಡಿ, ಬೆಳಗಾದ ಮೇಲೆ ಎರಡೂ ಮೇಳದವರು ಒಂದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ. ಅದಕ್ಕೆ ಯಾರಾದರೂ ಮೋಸ ಅಂತಾರಾ? ಎದುರಿನ ಮೇಳ ಗಟ್ಟಿಯಿದ್ದರೇ ನಮ್ಮ ಮೇಳಕ್ಕೂ ರಂಗು. ರೆಸ್ಲಿಂಗ್‌ನ ಜಗಳವೂ ಅದೇ ಜಾತಿಯದು.

ನಾನು ನೋಡಿದ ಆಟದ ಕೊನೆಯ ಜೋಡಿಯನ್ನೇ ತಗೊ. ಒಬ್ಬ ಅದೇ ಬಡಾವಣೆಯ ಹುಡುಗ, ಮೈ ಸಣ್ಣದು. ಇನ್ನೊಬ್ಬ ವಯಸ್ಸಾದ, ದಪ್ಪನೆ ಹೀಲ್. ಗಂಟೆ ಹೊಡೆದ ಹೊತ್ತಿನಿಂದ ಅವನ ಕಣ್ಣೆಲ್ಲ ಹುಡುಗನ ಎಡ ಮೊಣಕಾಲಿನ ಮೇಲೇ. ತಿರುಚಿದ, ಹಗ್ಗಕ್ಕೆ ಸಿಕ್ಕಿಸಿ ಜಗ್ಗಿದ, ರೆಫ್ರಿ ಆ ಕಡೆ ತಿರುಗಿದಾಗ ಒದ್ದ. ಹುಡುಗ ಕುಂಟುತ್ತಲೇ ಆಡಿದ. ಒಂದು ಸಲವೂ ಕುಂಟುವುದನ್ನು ಮರೆಯಲಿಲ್ಲ. ಕೊನೆಗೆ ಮೇಲಿನ ಹಗ್ಗ ಹತ್ತಿ ಹಾರಬೇಕು ಅನ್ನುವಾಗ ಅದೇ ಮೊಣಕಾಲು ಸೋತು ಕೆಳಗೆ ಬಿದ್ದ. ಇಡೀ ಹಾಲ್ ‘ಅಯ್ಯೋ’ ಅಂದಿತು. ಅರ್ಧ ಗಂಟೆ ಹಿಂದಿನ ಏಟಿಗೆ ಈಗ ಬೆಲೆ ಬಂತು ನೋಡು. ಇದನ್ನು ಕಟ್ಟುವುದು ಸುಲಭದ ಕೆಲಸ ಅಲ್ಲ.

ನಾನು ಕೂತಿದ್ದು ಮೊದಲ ಸಾಲಿನಲ್ಲಿ. ಹೀಲ್ ಆ ಹುಡುಗನನ್ನು ಎತ್ತಿ ಒಗೆದಾಗ ಅವನ ಬಲಗೈ ಹುಡುಗನ ಬೆನ್ನಿನಡಿ ಸರಿದು, ಕತ್ತು ಮೊದಲು ನೆಲಕ್ಕೆ ತಾಗದ ಹಾಗೆ ಹಿಡಿದಿತ್ತು. ತಲೆಯನ್ನು ಕಂಕುಳಲ್ಲಿ ಅಮುಕಿ ಹಿಡಿದಾಗ ತುಟಿ ಅಲ್ಲಾಡುತ್ತಿತ್ತು, ಮುಂದಿನ ಪಟ್ಟು ಯಾವುದು ಅಂತ ಕಿವಿಯಲ್ಲಿ ಹೇಳುತ್ತಿದ್ದ. ಮೊದಲೇ ಗೊತ್ತಿರುವುದು ಕೊನೆ ಮತ್ತು ನಾಲ್ಕಾರು ಮುಖ್ಯ ಜಾಗಗಳು. ನಡುವಿನದ್ದನ್ನು ಬಹಳ ಮಂದಿ ಆಡುತ್ತಾ ಆಡುತ್ತಾ ಹೀಗೇ ಹೇಳಿಕೊಂಡು ಹೋಗುತ್ತಾರೆ. ಎಷ್ಟು ಹೊತ್ತು ಉಳಿದಿದೆ ಅಂತ ರೆಫ್ರಿ ಮೆಲ್ಲಗೆ ತಿಳಿಸುತ್ತಾನೆ.

ಎಲ್ಲ ಜಗಳಕ್ಕೂ ದ್ವೇಷವೇ ಬೇಕು ಅಂತಿಲ್ಲ. ರಿಂಗ್ ಆಫ್ ಆನರ್ ಅನ್ನೋ ತಂಡ 2002ರಲ್ಲಿ ಫಿಲಡೆಲ್ಫಿಯಾದಲ್ಲೇ ಶುರುವಾದದ್ದು. ಅದರಲ್ಲಿ 2004ರಲ್ಲಿ ಸಮೋವಾ ಜೋ ಮತ್ತು ಸಿ.ಎಂ. ಪಂಕ್ ಮೂರು ಸಲ ಎದುರಾದರು. ಮೊದಲ ಎರಡು ಆಟ ತಲಾ 60 ನಿಮಿಷ ನಡೆದು ಸಮ ಆದವು. ಮೂರನೆಯದರಲ್ಲಿ ಜೋ ಗೆದ್ದರು. ಬೈಗುಳ, ಮನೆತನದ ಸೇಡು ಯಾವುದೂ ಬೇಕಾಗಲಿಲ್ಲ. ಇಬ್ಬರಲ್ಲಿ ಯಾರು ಮೇಲು ಅನ್ನೋ ಒಂದೇ ಪ್ರಶ್ನೆ ಜನರನ್ನು ಹಿಡಿದಿಟ್ಟಿತು. ಅಪ್ಪನನ್ನೂ ಕೂರಿಸಿಕೊಂಡು ಅದನ್ನು ನೋಡು.

ಆನಂದವಾಡಿ ಅಖಾಡದಲ್ಲಿ ಇಬ್ಬರು ಪೈಲ್ವಾನರು ಒಳಗೊಳಗೇ ಮಾತಾಡಿಕೊಂಡು ಆಡಿದರೆ ಜನ ಎದ್ದು ನಿಂತು ಬೈಯುತ್ತಾರೆ, ಕಮಿಟಿಯವರು ಇನಾಮು ಕೊಡಲ್ಲ. ಅಂಥದ್ದರಲ್ಲಿ ನೀವು, ಗರಡಿಯಲ್ಲಿ ಬೆಳೆದವರು, ಈ ಕುಸ್ತಿಯನ್ನು ಹೊಗಳಿ ಬರೆದದ್ದು ನನಗೆ ಸರಿ ಕಾಣಲಿಲ್ಲ.
— ಹಳೆಯ ಪೈಲ್ವಾನ, ಬೆಳಗಾವಿ

ಪೈಲ್ವಾನರೇ, ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಮುಧೋಳದ ಗರಡಿಯಲ್ಲಿ ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಕೆಂಪು ಮಣ್ಣಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಜಂಗಿ ನಿಕಾಲಿ ಕುಸ್ತಿ, ಅಂದರೆ ಸೋಲು-ಗೆಲುವು ತೀರುವ ತನಕ ಆಡುವ ಕುಸ್ತಿ ಅಂತ ಹ್ಯಾಂಡ್‌ಬಿಲ್ ಹಂಚಿ, ಹಲಗಿ ಬಾರಿಸಿ ಜನರನ್ನು ಕರೆದ ಮೇಲೆ ಒಪ್ಪಂದದ ಕುಸ್ತಿ ಆಡಿದರೆ ಅದು ಕಳ್ಳತನ. ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರೊ ರೆಸ್ಲಿಂಗ್‌ಗೆ ಟಿಕೆಟ್ ತಗೊಂಡು ಬಂದವನಿಗೆ ಇದು ಕಟ್ಟಿದ ಆಟ ಅಂತ ಗೊತ್ತು. ಗೊತ್ತಿದ್ದೇ ಕೂಗುತ್ತಾನೆ, ಗೊತ್ತಿದ್ದೇ ಅಳುತ್ತಾನೆ. ಮುಚ್ಚಿಟ್ಟರೆ ಮೋಸ, ಹೇಳಿ ಆಡಿದರೆ ಕಲೆ. ನನ್ನ ಲೆಕ್ಕ ಇಷ್ಟೇ.

ಈ ಪ್ರೊ ರೆಸ್ಲಿಂಗ್‌ನವರೂ ಒಂದು ಕಾಲದಲ್ಲಿ ನಿಮ್ಮ ಹಾಗೆ ನಿಜವಾಗಿಯೇ ಹಿಡಿಯುತ್ತಿದ್ದರು. 1910ರಲ್ಲಿ ನಮ್ಮ ಗಾಮಾ ಪೈಲ್ವಾನರು ಲಂಡನ್‌ಗೆ ಹೋಗಿ ಪೋಲೆಂಡಿನ ಸ್ಬಿಸ್ಕೊ ಜೊತೆ ಆಡಿದ್ದು ನಿಮಗೆ ಗೊತ್ತಿರುತ್ತದೆ. ಎರಡೂವರೆ ಗಂಟೆಗೂ ಜಾಸ್ತಿ ಆಟ. ಸ್ಬಿಸ್ಕೊ ಹೆಚ್ಚುಪಾಲು ಹೊತ್ತು ಹೊಟ್ಟೆ ಮೇಲೆ ಮಲಗಿ ಕಳೆದ. ಕೊನೆಗೆ ಸಮ ಅಂದರು. ಮರುಪಂದ್ಯಕ್ಕೆ ಅವನು ಬರಲೇ ಇಲ್ಲ. ಮುಂದೆ 1928ರಲ್ಲಿ ಪಟಿಯಾಲದಲ್ಲಿ ಸಿಕ್ಕಾಗ ಗಾಮಾ ಅವನನ್ನು ಒಂದು ನಿಮಿಷವೂ ತಗೊಳ್ಳದೆ ಚಿತ್ ಮಾಡಿದರು. ಅಮೆರಿಕದ ಒಮಾಹಾದಲ್ಲಿ 1916ರಲ್ಲಿ ಜೋ ಸ್ಟೆಕರ್, ಎಡ್ ಲೂಯಿಸ್ ಹತ್ತಿರ ಹತ್ತಿರ ಐದು ಗಂಟೆ ಹಿಡಿದುಕೊಂಡು ನಿಂತರು, ಅದೂ ಸಮ. ಬಲ್ಲವರಿಗೆ ಅದು ಹಬ್ಬ, ಟಿಕೆಟ್ ಕೊಟ್ಟ ಜನಸಾಮಾನ್ಯನಿಗೆ ಬೇಸರ. 1920ರ ದಶಕದಲ್ಲಿ ಇದೇ ಲೂಯಿಸ್ ತನ್ನ ಮ್ಯಾನೇಜರ್ ಬಿಲ್ಲಿ ಸ್ಯಾಂಡೋ ಮತ್ತು ಟೂಟ್ಸ್ ಮಾಂಟ್ ಜೊತೆ ಸೇರಿ ಆಟದ ವೇಗ ಹೆಚ್ಚಿಸಿದರು, ಹೊತ್ತಿಗೆ ಮಿತಿ ಹಾಕಿದರು, ಕೊನೆಯನ್ನು ಮೊದಲೇ ಗೊತ್ತು ಮಾಡಿದರು.

ಆಮೇಲೆ ಬಹಳ ವರ್ಷ ಅದನ್ನು ಗುಟ್ಟಾಗಿ ಇಟ್ಟರು. ಆ ಗುಟ್ಟಿನ ಕಾಲವನ್ನು ನಾನೂ ಹೊಗಳಲ್ಲ. 1989ರಲ್ಲಿ ದೊಡ್ಡ ಕಂಪನಿಯವರೇ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ‘ನಮ್ಮದು ಮನರಂಜನೆ, ಸ್ಪರ್ಧೆ ಅಲ್ಲ’ ಅಂತ ಒಪ್ಪಿಕೊಂಡರು. ಕ್ರೀಡಾ ಆಯೋಗದ ಕಟ್ಟುಪಾಡು ತಪ್ಪಿಸಿಕೊಳ್ಳಲು ಹೇಳಿದ್ದು ನಿಜ, ಆದರೂ ಹೇಳಿದ್ದು ಒಳ್ಳೆಯದಾಯಿತು.

ನನ್ನ ಬೇಡಿಕೆ ಇಷ್ಟೇ. ಅವರ ಆಟಕ್ಕೆ ಅದರದೇ ಜಾಗ ಕೊಡಿ. ನಮ್ಮ ಮೈದಾನಕ್ಕೆ ಮಾತ್ರ ಆ ಪದ್ಧತಿ ಕಾಲಿಡದ ಹಾಗೆ ನಿಮ್ಮಂಥವರು ಕಾಯಬೇಕು.

ಒಪ್ಪಂದವನ್ನು ಒಬ್ಬ ಮುರಿದರೆ?
— ಓದುಗ, ಇಳಕಲ್

ಮುರಿದದ್ದಿದೆ. 1997ರ ನವೆಂಬರ್ 9ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಬ್ರೆಟ್ ಹಾರ್ಟ್ ಮತ್ತು ಶಾನ್ ಮೈಕೇಲ್ಸ್ ನಡುವೆ ಚಾಂಪಿಯನ್ ಬೆಲ್ಟ್‌ಗಾಗಿ ಪಂದ್ಯ. ಬ್ರೆಟ್ ಎದುರಾಳಿ ಕಂಪನಿಗೆ ಹೊರಟಿದ್ದರು, ತಮ್ಮ ದೇಶದ ಜನರೆದುರು ಸೋಲಲು ಒಪ್ಪಿರಲಿಲ್ಲ, ಅಲ್ಲಿ ಸೋಲಿಸುವುದಿಲ್ಲ ಅಂತ ಮಾತಾಗಿತ್ತು. ಆಟದ ನಡುವೆ ಮೈಕೇಲ್ಸ್ ಪಟ್ಟು ಹಾಕಿದ ಕೂಡಲೇ, ಬ್ರೆಟ್ ಸೋಲೊಪ್ಪದಿದ್ದರೂ ಕಂಪನಿಯ ಮಾಲೀಕ ವಿನ್ಸ್ ಮ್ಯಾಕ್‌ಮಹನ್ ಗಂಟೆ ಹೊಡೆಸಿ ಆಟ ಮುಗಿಸಿ, ಮೈಕೇಲ್ಸ್‌ಗೆ ಗೆಲುವು ಕೊಡಿಸಿದರು. ಬ್ರೆಟ್ ಅಲ್ಲೇ ಮಾಲೀಕನ ಮುಖಕ್ಕೆ ಉಗಿದರು. ಇಷ್ಟು ವರ್ಷವಾದರೂ ಜನ ಅದನ್ನು ಮರೆತಿಲ್ಲ. ಮೈಯನ್ನೇ ಎದುರಾಳಿಯ ಕೈಗೆ ಒಪ್ಪಿಸುವ ಆಟದಲ್ಲಿ ಕೊಟ್ಟ ಮಾತಿಗಿಂತ ದೊಡ್ಡದು ಇನ್ನೇನಿದೆ?

ಎಂಟು ವರ್ಷದ ಮಗ ಮಂಚದ ಮೇಲಿಂದ ತಂಗಿ ಮೇಲೆ ಹಾರುತ್ತಾನೆ. ‘ಅದೆಲ್ಲ ಸುಳ್ಳೇಟು, ಏನೂ ಆಗಲ್ಲಮ್ಮ’ ಅಂತಾನೆ. ಏನು ಮಾಡಲಿ?
— ಗೃಹಿಣಿ, ಗೋಕಾಕ

ಅಕ್ಕಾ, ಮೊದಲು ಹಾರುವುದನ್ನು ನಿಲ್ಲಿಸಿ, ಆಮೇಲೆ ಸಮಾಧಾನದಿಂದ ಮಾತಾಡಿ. ಗೆಲುವು ಗೊತ್ತು ಮಾಡಿದ್ದು, ಬೀಳುವುದು ನಿಜ ಅಂತ ಅವನಿಗೆ ಹೇಳಿ. ಆ ರಿಂಗ್ ಮೆತ್ತನೆಯ ಗಾದಿ ಅಂತ ಮಕ್ಕಳು ತಿಳಿದಿರುತ್ತಾರೆ. ಫಿಲಡೆಲ್ಫಿಯಾದಲ್ಲಿ ಆಟ ಮುಗಿದ ಮೇಲೆ ಪೈಲ್ವಾನರೇ ಅದನ್ನು ಬಿಚ್ಚುತ್ತಿದ್ದರು, ನಾನು ಹತ್ತಿರ ಹೋಗಿ ನೋಡಿದೆ. ಕೆಳಗೆ ಕಬ್ಬಿಣದ ತೊಲೆ, ಅದರ ಮೇಲೆ ಮರದ ಹಲಗೆ, ಮೇಲೊಂದು ತೆಳ್ಳನೆ ಫೋಮ್, ಕ್ಯಾನ್ವಾಸ್. ಅಷ್ಟೇ. ವರ್ಷಗಟ್ಟಲೆ ಕಲಿತವರಿಗೂ ಅಪಾಯ ತಪ್ಪಿದ್ದಲ್ಲ. 1999ರಲ್ಲಿ ಡ್ಯಾರೆನ್ ಡ್ರೊಜ್ಡಾವ್ ಅನ್ನೋ ರೆಸ್ಲರ್ ದಿನಾ ಆಡುವಂಥದ್ದೇ ಒಂದು ಪಟ್ಟಿನಲ್ಲಿ ತಪ್ಪಿ ಬಿದ್ದು ಕುತ್ತಿಗೆ ಮುರಿದುಕೊಂಡರು. ಮತ್ತೆ ನಡೆಯಲಿಲ್ಲ. ಮಗನಿಗೆ ಹುಮ್ಮಸ್ಸು ಇದ್ದರೆ ಗರಡಿಗೆ ಕಳಿಸಿ. ಅಲ್ಲಿ ಮಣ್ಣು ಇರುತ್ತದೆ, ನೋಡಿಕೊಳ್ಳಲು ದೊಡ್ಡವರು ಇರುತ್ತಾರೆ.

ರಕ್ತ ಬರುತ್ತದಲ್ಲ, ಅದು ಬಣ್ಣವಾ?
— ಓದುಗ, ತಾಳಿಕೋಟೆ

ಹೆಚ್ಚಿನ ಸಲ ನಿಜವಾದ ರಕ್ತವೇ. ಮಣಿಕಟ್ಟಿನ ಪಟ್ಟಿಯಲ್ಲಿ ಸಣ್ಣ ಬ್ಲೇಡ್ ಚೂರು ಅಡಗಿಸಿಟ್ಟು ಹಣೆಗೆ ತಾವೇ ಕೊಯ್ದುಕೊಳ್ಳುತ್ತಾರೆ. ನನಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ. ರಕ್ತದಿಂದ ಹರಡುವ ರೋಗಗಳ ಭಯ ಇರುವಾಗ ಅಂಥ ಆಟಕ್ಕೆ ಚಪ್ಪಾಳೆ ಹೊಡೆಯಬೇಡಿ.

ನಾನು ಕುಸ್ತಿ ಕಲಿಯುವ ಹುಡುಗಿ. ಪ್ರೊ ರೆಸ್ಲಿಂಗ್ ಸೇರಬೇಕು ಅಂತ ಆಸೆ. ನಮ್ಮ ದೇಶದಲ್ಲಿ ದಾರಿ ಇದೆಯಾ? ಮನೆಯಲ್ಲಿ ನಗುತ್ತಾರೆ.
— ಪಿಯುಸಿ ವಿದ್ಯಾರ್ಥಿನಿ, ವಿಜಯಪುರ

ತಂಗೀ, ನಗುವವರಿಗೆ ಹರಿಯಾಣದ ಕವಿತಾ ದೇವಿಯ ಆಟ ತೋರಿಸು. ಅವರು ವೇಟ್‌ಲಿಫ್ಟರ್ ಆಗಿದ್ದವರು. 2007ರಲ್ಲಿ ಡಬ್ಲ್ಯೂಡಬ್ಲ್ಯೂಇ ವಿಶ್ವ ಹೆವಿವೇಟ್ ಬೆಲ್ಟ್ ಗೆದ್ದ ದಿ ಗ್ರೇಟ್ ಖಲಿ, ಅಂದರೆ ದಲೀಪ್ ಸಿಂಗ್ ರಾಣಾ, 2015ರಲ್ಲಿ ಜಲಂಧರ್‌ನಲ್ಲಿ ರೆಸ್ಲಿಂಗ್ ಶಾಲೆ ತೆರೆದರು. ಕವಿತಾ ಅಲ್ಲಿ ಕಲಿತು, 2017ರಲ್ಲಿ ಅಮೆರಿಕದಲ್ಲಿ ಡಬ್ಲ್ಯೂಡಬ್ಲ್ಯೂಇ ನಡೆಸಿದ ‘ಮೇ ಯಂಗ್ ಕ್ಲಾಸಿಕ್’ ಮಹಿಳಾ ಟೂರ್ನಿಯಲ್ಲಿ ಸಲ್ವಾರ್ ಕಮೀಜ್ ತೊಟ್ಟೇ ರಿಂಗ್‌ಗೆ ಇಳಿದರು. ಡಬ್ಲ್ಯೂಡಬ್ಲ್ಯೂಇಯಲ್ಲಿ ಆಡಿದ ಮೊದಲ ಭಾರತೀಯ ಮಹಿಳೆ ಅವರೇ.

ಆದರೆ ದುಡ್ಡಿನ ವಿಷಯ ನೇರವಾಗಿ ಹೇಳಬೇಕು. ಸ್ವತಂತ್ರ ತಂಡಗಳಲ್ಲಿ ಆಡುವವರಲ್ಲಿ ಬಹಳ ಮಂದಿಗೆ ಬೇರೆ ಕೆಲಸ ಇರುತ್ತದೆ. ನಾನು ನೋಡಿದ ಆಟದ ವಿರಾಮದಲ್ಲಿ ಆ ಹೀಲ್ ಒಂದು ಮೇಜು ಹಾಕಿಕೊಂಡು ತನ್ನದೇ ಟೀ ಶರ್ಟ್ ಮಾರುತ್ತಿದ್ದ. ಅವನ ಎದುರಾಳಿ ಹುಡುಗನ ಮೇಜು ಹಾಲ್‌ನ ಆ ತುದಿಯಲ್ಲಿ. ಜಗಳದ ಕಥೆ ಕೆಡಬಾರದು ಅಂತ ಅಲ್ಲೂ ದೂರ ದೂರ. ಟೀ ಶರ್ಟ್ ದುಡ್ಡು ಕೆಲವು ಸಲ ಆಟದ ಸಂಬಳಕ್ಕಿಂತ ಜಾಸ್ತಿ ಆಗುತ್ತದೆ.

ಯಾವುದೇ ಶಾಲೆಗೆ ಫೀ ಕಟ್ಟುವ ಮುಂಚೆ ಅಪ್ಪ-ಅಮ್ಮನ ಜೊತೆ ಹೋಗಿ ಒಂದು ದಿನ ಪಾಠ ನೋಡು. ಗದ್ದ ಎದೆಗೆ ಒತ್ತಿ, ಬೆನ್ನಗಲಕ್ಕೆ ಬಿದ್ದು, ಎರಡೂ ಕೈ ನೆಲಕ್ಕೆ ಬಡಿಯುವುದನ್ನು ಮೊದಲು ಕಲಿಸುತ್ತಾರಾ? ಹೆಣ್ಣುಮಕ್ಕಳಿಗೆ ಇರಲು ಬೇರೆ ವ್ಯವಸ್ಥೆ ಇದೆಯಾ? ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು? ಇವಕ್ಕೆ ತಡವರಿಸದೆ ಉತ್ತರ ಕೊಡುವ ಕಡೆ ಮಾತ್ರ ಸೇರು. ಪಿಯುಸಿ ಮುಗಿಸು, ಕುಸ್ತಿ ಬಿಡಬೇಡ. ಹೆಗಲು, ಕತ್ತು ಗಟ್ಟಿ ಮಾಡಿಕೊಳ್ಳುವ ವ್ಯಾಯಾಮ ಬೇಕಿದ್ದರೆ ಬರೆದು ಕೇಳು, ಮುಂದಿನ ಸಂಚಿಕೆಯಲ್ಲಿ ಕೊಡುತ್ತೇನೆ.