ಊರಿನವರ ಜೊತೆ ಇದ್ದದ್ದಕ್ಕೇ ಹೊಟ್ಟೆ ಬಂತಾ?

ಪ್ರಶ್ನೆ: ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿ, ಎಡಿಸನ್‌ನಲ್ಲಿದ್ದಾನೆ. ಸುತ್ತಮುತ್ತ ನಮ್ಮವರೇ ಜಾಸ್ತಿ. ಅಲ್ಲಿಗೆ ಹೋದ ಮೇಲೆ ತೂಕ ಏರುತ್ತಲೇ ಇದೆ. ಬೇರೆ ಕಡೆ ಮನೆ ಮಾಡು ಅನ್ನಲಾ? – ಕಾಪುವಿನ ತಾಯಿ

ದಯವಿಟ್ಟು ಬೇಡ. ಮಕ್ಕಳು ಪರದೇಶದಲ್ಲಿರುವವರು ಉಡುಪಿಯ ನನ್ನ ಕ್ಲಿನಿಕ್ಕಿಗೆ ಬಂದಾಗೆಲ್ಲ ಇದನ್ನೇ ಕೇಳುತ್ತಾರೆ. ಪಾಪ, ನೆರೆಯವರ ಮೇಲೆ ಯಾಕೆ ಗೂಬೆ ಕೂರಿಸುತ್ತೀರಿ?

ಅಮೆರಿಕದಲ್ಲಿ ಚೀನಾ ಮತ್ತು ಲ್ಯಾಟಿನ್ ಅಮೆರಿಕ ಮೂಲದವರ ಮೇಲೆ ನಡೆದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ವಲಸಿಗರು ಜಾಸ್ತಿ ಇರುವ ಕಡೆ ವಾಸವಿದ್ದವರು ಕೊಬ್ಬಿನ ಪದಾರ್ಥ ಕಡಿಮೆ ತಿನ್ನುತ್ತಿದ್ದರು. ಆದರೆ ಅಂಥ ಕಡೆ ನಡೆದಾಡುವ ಅನುಕೂಲ ಕಡಿಮೆ. ಲ್ಯಾಟಿನ್ ಮೂಲದವರ ಮೈ ಓಡಾಟವೂ ಕಡಿಮೆಯಿತ್ತು. ಕ್ಯಾಲಿಫೋರ್ನಿಯಾದ ಜಪಾನಿ ಮೂಲದ ಗಂಡಸರದ್ದು ಇನ್ನೂ ಹಳೆಯ ಅಧ್ಯಯನ, 1976ರದ್ದು. ತಮ್ಮವರ ಒಡನಾಟ, ರೀತಿ ರಿವಾಜು ಬಿಡದವರಲ್ಲಿ ಹೃದ್ರೋಗ ಜಪಾನಿನಷ್ಟೇ ಕಡಿಮೆ. ಪೂರ್ತಿ ಪಶ್ಚಿಮದ ರೀತಿಗೆ ಬದಲಾದವರಲ್ಲಿ ಮೂರರಿಂದ ಐದು ಪಟ್ಟು! ಇವು ನಮ್ಮವರ ಮೇಲೆ ಮಾಡಿದ್ದಲ್ಲ, ಹಾಗಾಗಿ ತೀರಾ ಎಳೆಯುವುದಿಲ್ಲ. ಆದರೂ ಮಗನನ್ನು ಅವನ ಜನರಿಂದ ಬಿಡಿಸಿ ಅಂತ ನಾನಂತೂ ಹೇಳಲಾರೆ.

ನೋಡಬೇಕಾದ್ದು ಶನಿವಾರ ರಾತ್ರಿ. ಒಬ್ಬರ ಮನೆಯಲ್ಲಿ ಗೋಳಿಬಜೆ, ಆಮೇಲೆ ಘೀ ರೋಸ್ಟ್, ಊಟಕ್ಕೆ ಕೂರುವಾಗ ಹತ್ತೂವರೆ. ಭಾನುವಾರ ಇನ್ನೊಬ್ಬರ ಮನೆ. ಹೋಗುವುದು ಬರುವುದು ಎಲ್ಲ ಕಾರಿನಲ್ಲೇ. ಅದೇ ಗೆಳೆಯರು ಊಟಕ್ಕೆ ಮೊದಲು ಒಂದು ಗಂಟೆ ಒಟ್ಟಿಗೆ ನಡೆಯಲಿ, ಏಳೂವರೆಗೆ ಬಡಿಸಲಿ. ಒಬ್ಬನೇ ಜಿಮ್‌ಗೆ ದುಡ್ಡು ಕಟ್ಟಿ ಬಿಡುವುದಕ್ಕಿಂತ ಇದು ಬಾಳಿಕೆ ಬರುತ್ತದೆ.

ಇನ್ನೊಂದು. ಐದಡಿ ಏಳಿಂಚಿನ ಗಂಡಸು 70 ಕೆಜಿ ಇದ್ದರೆ ಅಲ್ಲಿನ ಚಾರ್ಟು ನಾರ್ಮಲ್ ಅನ್ನುತ್ತದೆ. ನಮಗೆ ಅದು ಜಾಸ್ತಿಯೇ. ನಮ್ಮ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) ಗಡಿ 25 ಅಲ್ಲ, 23. ಅಮೆರಿಕದ ಡಯಾಬಿಟಿಸ್ ಸಂಘವೇ 2015ರಿಂದ ಏಷ್ಯಾ ಮೂಲದವರಿಗೆ 23 ದಾಟಿದರೆ ಶುಗರ್ ಟೆಸ್ಟ್ ಮಾಡಿಸಿ ಅನ್ನುತ್ತಿದೆ. ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದೆಯಾ, ಇವತ್ತೇ ಫೋನ್ ಮಾಡಿ ಕೇಳಿ.

ಪ್ರಶ್ನೆ: ದುಬೈಯ ಎಸಿಯಿಂದ ಬೊಜ್ಜು ಬರುತ್ತದಾ? – ಸುರತ್ಕಲ್

ಎಸಿಯನ್ನು ಬಿಡಿ, ದಿನಕ್ಕೆ ಎಷ್ಟು ಹೊತ್ತು ಕೂತಿರುತ್ತೀರಿ ಲೆಕ್ಕ ಹಾಕಿ.

ಪ್ರಶ್ನೆ: ವಾಟ್ಸಾಪಿನಲ್ಲಿ ಬಂದ ಹೊಟ್ಟೆ ಕರಗಿಸುವ ಪುಡಿ ಮಗಳಿಗೆ ಕಳಿಸಬಹುದಾ? – ಬಂಟ್ವಾಳ

ಖಂಡಿತ ಬೇಡ ಮಾರಾಯ್ರೇ. ಒಳಗೆ ಏನಿದೆ ಅಂತ ಬರೆಯದೆ ಮಾರುವವನು ವೈದ್ಯನಲ್ಲ, ಮೋಸಗಾರ. ಇಂಥ ಪುಡಿ ತಿಂದು ಲಿವರ್ ಕೆಡಿಸಿಕೊಂಡು ಬಂದವರನ್ನು ನೋಡಿದ್ದೇನೆ. ಈಗಾಗಲೇ ಕಳಿಸಿದ್ದರೆ ಎಸೆಯಲು ಹೇಳಿ. ತಿನ್ನಲು ಶುರು ಮಾಡಿದ್ದರೆ ಲಿವರ್ ಟೆಸ್ಟ್ ಮಾಡಿಸಲಿ.